ಫೆಬ್ರವರಿ ತಿಂಗಳಲ್ಲಿ ನಮ್ಮೂರಲ್ಲಿ ಎಷ್ಟು ಮಂದಿ ಇರ್ತಾರೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಭಾಗದ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದೇ ಮಾತು ಓಡಾಡುತ್ತದೆ. "ಮತ್ತ ನಾವೇ ಫಸ್ಟ್, ಹಿಂದಿನಿಂದ." 2024ರಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ. ಸಾಕ್ಷರತೆಯಲ್ಲೂ ಕೊನೆ. 2011ರ ಜನಗಣತಿಯಲ್ಲಿ ಇಡೀ ರಾಜ್ಯದ್ದು ಶೇ 75.36 ಇದ್ದರೆ ನಮ್ಮದು ಶೇ 51.83. ನೀತಿ ಆಯೋಗ 2023ರಲ್ಲಿ ಬಡತನದ ವರದಿ ಬಿಟ್ಟಾಗಲೂ ರಾಜ್ಯದ ಅತಿ ಬಡ ಜಿಲ್ಲೆ ನಮ್ಮದೇ ಆಗಿತ್ತು.

ಓದಿದವರಿಗೆ ಅವಮಾನ, ಓದದವರಿಗೆ ಬೇಸರ. ಆದರೆ ಅದೇ ನೀತಿ ಆಯೋಗದ ವರದಿಯಲ್ಲಿ ಇನ್ನೊಂದು ಸಾಲೂ ಇತ್ತು. ಜಿಲ್ಲೆಯಲ್ಲಿ ಬಡವರ ಪ್ರಮಾಣ 2015-16ರಲ್ಲಿ ಸುಮಾರು ಶೇ 41 ಇದ್ದದ್ದು 2019-21ರ ಹೊತ್ತಿಗೆ ಸುಮಾರು ಶೇ 25ಕ್ಕೆ ಇಳಿದಿತ್ತು. ಈ ಸಾಲನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಸರ್ಕಾರದ ಅಂಕಿಸಂಖ್ಯೆಯನ್ನು ಬೈಗುಳ ಅಂತ ಓದುವುದನ್ನು ನಾವು ಬಿಡಬೇಕು ಅನ್ನುವುದು ನನ್ನ ಅಭಿಪ್ರಾಯ. ಅದು ನಮ್ಮ ಕೈಯಲ್ಲಿರುವ ಕಾಗದ. ಅದನ್ನು ಹಿಡಿದುಕೊಂಡೇ ನಮ್ಮ ಭಾಗ ಒಂದು ಸಲ ಗೆದ್ದಿದೆ.

2000ದಲ್ಲಿ ರಾಜ್ಯ ಸರ್ಕಾರ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಬಗ್ಗೆ ಒಂದು ಉನ್ನತಾಧಿಕಾರ ಸಮಿತಿ ಮಾಡಿತು. 2002ರಲ್ಲಿ ವರದಿ ಬಂತು. ಅವರು ಮಾಡಿದ ದೊಡ್ಡ ಕೆಲಸವೆಂದರೆ ಜಿಲ್ಲೆಯ ಸರಾಸರಿಯನ್ನು ಬದಿಗಿಟ್ಟು ತಾಲೂಕಿನ ಲೆಕ್ಕಕ್ಕೆ ಇಳಿದದ್ದು. ಆಗ ನಾವಿನ್ನೂ ಗುಲಬರ್ಗಾ ಜಿಲ್ಲೆಯವರು. ಗುಲಬರ್ಗಾ ಪಟ್ಟಣದ ಕಾಲೇಜು, ದವಾಖಾನೆ, ಡಾಂಬರು ರಸ್ತೆ ಎಲ್ಲ ಕೂಡಿಸಿ ಭಾಗಿಸಿದರೆ ಸುರಪುರದ ದೊಡ್ಡಿಗಳಲ್ಲೂ ಸ್ವಲ್ಪ ದವಾಖಾನೆ ಇದ್ದಂತೆ ಕಾಣುತ್ತಿತ್ತು. ನಂಜುಂಡಪ್ಪ ಸಮಿತಿ ಆಗಿನ 175 ತಾಲೂಕುಗಳನ್ನು 35 ಅಂಶಗಳ ಮೇಲೆ ತೂಗಿ ನೋಡಿತು. 114 ತಾಲೂಕು ಹಿಂದುಳಿದವು ಅಂತ ಬಂತು. ಅದರಲ್ಲಿ 39 'ಅತ್ಯಂತ ಹಿಂದುಳಿದ' ತಾಲೂಕು, ಆ 39ರಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವು. ಶಹಾಪುರ, ಸುರಪುರ, ಯಾದಗಿರಿ ಮೂರೂ ಅದರೊಳಗೆ ಇದ್ದವು.

ಆ ಪಟ್ಟಿಯಲ್ಲಿ ಹೆಸರು ಬಿದ್ದದ್ದರಿಂದಲೇ 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆಯ ಹಣ ಈ ಕಡೆ ತಿರುಗಿತು. 371(ಜೆ)ಗಾಗಿ ಹೋರಾಡಿದವರು ಇದೇ ವರದಿಯನ್ನು ಮುಂದಿಟ್ಟು ಮಾತಾಡಿದರು. 2012ರ ಕೊನೆಗೆ ಸಂಸತ್ತು ಒಪ್ಪಿತು, 2013ರಲ್ಲಿ ಜಾರಿಗೆ ಬಂತು. ಇವತ್ತು ನಮ್ಮ ಹುಡುಗರು ಮೆಡಿಕಲ್ ಸೀಟಿಗೆ, ನೌಕರಿಗೆ 371(ಜೆ) ಸರ್ಟಿಫಿಕೇಟ್ ಹಿಡಿದು ಓಡಾಡುವಾಗ ಅದರ ಹಿಂದೆ ಹಳೆಯ ಕೋಷ್ಟಕವೊಂದಿದೆ. ಬಂದ ಹಣ ನೆಟ್ಟಗೆ ಖರ್ಚಾಯಿತೇ ಅನ್ನುವುದು ಬೇರೆ ಜಗಳ. ಆ ಜಗಳಕ್ಕೂ ಅಂಕಿಯೇ ಬೇಕು.

ಅಂಕಿ ಹೇಗೆ ಹುಟ್ಟುತ್ತದೆ ಅಂತ ನೋಡಲು ದೆಹಲಿಗೆ ಹೋಗಬೇಕಿಲ್ಲ. ಸುಗ್ಗಿಯ ಹೊತ್ತಿಗೆ ನಿಮ್ಮೂರ ಹೊಲದಲ್ಲೇ ಹುಟ್ಟುತ್ತದೆ. ಬೆಳೆ ಕಟಾವು ಪ್ರಯೋಗ ಅಂತಾರೆ. ಪಂಚಾಯ್ತಿಯ ಮುಖ್ಯ ಬೆಳೆಗೆ ಕನಿಷ್ಠ ನಾಲ್ಕು ಕಡೆ ಮಾಡಬೇಕು. ಯಾವ ಸರ್ವೆ ನಂಬರು, ಹೊಲದ ಯಾವ ಮೂಲೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಲಾಟರಿ ನಂಬರಿನಲ್ಲಿ ಆರಿಸುತ್ತಾರೆ. ಭತ್ತವಾದರೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಹಾಕಿ, ಅಷ್ಟನ್ನು ಕೊಯ್ದು, ಬಡಿದು, ತೂರಿ, ತೂಗುತ್ತಾರೆ. ಆ ತೂಕದಿಂದ ಪಂಚಾಯ್ತಿಯ ಇಳುವರಿ ಹೊರಡುತ್ತದೆ. ಅದೇ ಅಂಕಿಯ ಮೇಲೆ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಪರಿಹಾರ. ಅಂಥ ಪ್ರಯೋಗಗಳು ಕೂಡಿಯೇ ರಾಜ್ಯದ, ದೇಶದ ಉತ್ಪಾದನೆಯ ಲೆಕ್ಕವಾಗುತ್ತದೆ.

ಈಗ ಸ್ವಲ್ಪ ಗಣಿತ ಮಾಡೋಣ. 5 ಮೀಟರ್ ಚೌಕ ಅಂದರೆ 25 ಚದರ ಮೀಟರ್. ಒಂದು ಎಕರೆಯಲ್ಲಿ ಅಂಥ ಚೌಕಗಳು ಸುಮಾರು 162. ಅಂದರೆ ಚೌಕದಲ್ಲಿ ಒಂದು ಕಿಲೋ ಹೆಚ್ಚು ತೂಗಿದರೆ ಎಕರೆಗೆ ಒಂದು ಕ್ವಿಂಟಲ್ 62 ಕಿಲೋ ಹೆಚ್ಚು ಬೆಳೆದಂತೆ ಬರೆದ ಹಾಗೆ. ನಾಲ್ಕರಲ್ಲಿ ಒಂದೇ ಪ್ರಯೋಗ ಹೀಗೆ ಹದಗೆಟ್ಟರೂ ಇಡೀ ಪಂಚಾಯ್ತಿಯ ಸರಾಸರಿ ಎಕರೆಗೆ 40 ಕಿಲೋ ಏರುತ್ತದೆ. ಎಲ್ಲರ ಹೊಲದ್ದೂ.

ವಿಮೆಯಲ್ಲಿ ಇದರ ಏಟು ಹೇಗೆ ಬೀಳುತ್ತದೆ ಅಂತಲೂ ನೋಡಿ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷಗಳ ಸರಾಸರಿ ತೆಗೆದು, ಅದರಲ್ಲಿ ಇಷ್ಟು ಪಾಲು ಅಂತ ಒಂದು ಗೆರೆ ಹಾಕುತ್ತಾರೆ. ಈ ವರ್ಷದ ಇಳುವರಿ ಆ ಗೆರೆಗಿಂತ ಎಷ್ಟು ಕೆಳಗೆ ಹೋಗಿದೆಯೋ ಅಷ್ಟು ಪಾಲು ಪರಿಹಾರ. ಉದಾಹರಣೆಗೆ ಗೆರೆ 20 ಕ್ವಿಂಟಲ್, ಬೆಳೆದದ್ದು 15 ಅಂದರೆ ನಾಲ್ಕನೇ ಒಂದು ಪಾಲು. ಚೌಕದಲ್ಲಿ ತೂಕ ಜಾಸ್ತಿ ಬಂದಷ್ಟೂ ನಿಮ್ಮ ಖಾತೆಗೆ ಬರುವುದು ಕಡಿಮೆ.

ಇದು ಇವತ್ತಿನ ತಕರಾರಲ್ಲ. ಎಷ್ಟು ದೊಡ್ಡ ತುಂಡು ಕೊಯ್ದರೆ ಲೆಕ್ಕ ಸರಿ ಬರುತ್ತದೆ ಅಂತ 1940ರ ದಶಕದಲ್ಲೇ ಪಿ.ಸಿ. ಮಹಲನೋಬಿಸ್ ಮತ್ತು ಪಿ.ವಿ. ಸುಖಾತ್ಮೆ ಅನ್ನುವ ಇಬ್ಬರು ದೊಡ್ಡ ಸಂಖ್ಯಾಶಾಸ್ತ್ರಜ್ಞರ ನಡುವೆ ವಾದ ನಡೆದಿತ್ತು. ಸಣ್ಣ ತುಂಡು ಸಾಕು ಅನ್ನುವುದು ಮಹಲನೋಬಿಸ್ ಅವರ ಮಾತು. ತುಂಡು ಸಣ್ಣದಾದರೆ ಅಂಚಿನ ಗಿಡಗಳನ್ನು ಒಳಗೆ ಸೇರಿಸಿಕೊಂಡುಬಿಡುತ್ತಾರೆ, ಇಳುವರಿ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ ಅನ್ನುವುದು ಸುಖಾತ್ಮೆ ಅವರ ಮಾತು. ಎಂಬತ್ತು ವರ್ಷ ಕಳೆದರೂ ನಮ್ಮ ಹೊಲದ ಬದುವಿನ ಮೇಲೆ ನಿಂತು ನೋಡಬೇಕಾದದ್ದು ಅದನ್ನೇ: ಹಗ್ಗ ನೆಟ್ಟಗೆ ಹಿಡಿದರೇ, ಹಗ್ಗದ ಮೇಲಿನ ಗಿಡ ಒಳಗೋ ಹೊರಗೋ.

ವಿಮಾ ಕಂಪನಿಯ ಪ್ರತಿನಿಧಿ ಪ್ರಯೋಗ ನಡೆಯುವಾಗ ನಿಂತು ನೋಡಬಹುದು ಅಂತ ನಿಯಮವೇ ಇದೆ. ಅವನು ನಿಲ್ಲಬಹುದಾದರೆ ಪ್ರೀಮಿಯಂ ಕಟ್ಟಿದ ನಾವೂ ನಿಲ್ಲಬಹುದು. ಯಾವ ದಿನ, ಯಾವ ಸರ್ವೆ ನಂಬರಿನಲ್ಲಿ ಅಂತ ಪಂಚಾಯ್ತಿ ಬೋರ್ಡಿಗೆ ಮೊದಲೇ ಹಚ್ಚಲಿ. ತೂಕ ಮುಗಿದ ಸಂಜೆ ಅದೇ ಬೋರ್ಡಿನಲ್ಲಿ ಕಿಲೋ ಲೆಕ್ಕ ಬರೆಯಲಿ. ವಿಮೆ ಯಾಕೆ ಬರಲಿಲ್ಲ ಅಂತ ಎಂಟು ತಿಂಗಳ ಮೇಲೆ ಬ್ಯಾಂಕಿನ ಬಾಗಿಲಲ್ಲಿ ಕೇಳುವುದಕ್ಕಿಂತ ಇದು ಸುಲಭ. ನಮ್ಮಲ್ಲಿ ತಲಾಠಿ ಹೊಲಕ್ಕೆ ಬಂದರೆ ಚಹಾ ಕೊಟ್ಟು ಕಳಿಸುವ ಪದ್ಧತಿ ಇದೆ. ಚಹಾ ಕೊಡಿ, ತೂಕದ ಚೀಟಿಯನ್ನೂ ಕೇಳಿ.

ಹೊಲದ ಲೆಕ್ಕವನ್ನಾದರೂ ನಿಂತು ನೋಡಬಹುದು. ಮಂದಿಯ ಲೆಕ್ಕ ಅಷ್ಟು ಸುಲಭವಲ್ಲ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಗೊಂದಲ ಇರುವುದು ಅಲ್ಲೇ.

ಯಾದಗಿರಿ ಜಿಲ್ಲೆ ಹುಟ್ಟಿದ್ದು 2009ರ ಡಿಸೆಂಬರ್ 30ರಂದು. ಹಾಗಾಗಿ 2011ರದ್ದು ಜಿಲ್ಲೆಯ ಮೊದಲ ಜನಗಣತಿ, ಇವತ್ತಿನವರೆಗೂ ಅದೇ ಕೊನೆಯದು. ಆಗ 11.74 ಲಕ್ಷ ಜನ, ಮೂರು ತಾಲೂಕು. ಈಗ ತಾಲೂಕು ಆರು. ಹುಣಸಗಿ, ವಡಗೇರಾ, ಗುರುಮಠಕಲ್ ಆಮೇಲೆ ಆದವು. ತಹಶೀಲ್ದಾರ್ ಕಚೇರಿ ಇದೆ, ಬೋರ್ಡಿದೆ, ಆದರೆ ಹುಣಸಗಿ ತಾಲೂಕು ಅನ್ನುವ ಹೆಸರಿನಲ್ಲಿ ಜನಗಣತಿಯ ಒಂದು ಅಂಕಿಯೂ ಇಲ್ಲ. 2024ರಲ್ಲಿ ರಾಜ್ಯ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಸಮಿತಿ ಮಾಡಿತು. ಸಾವಿರ ಮಂದಿಗೆ ಎಷ್ಟು ಹಾಸಿಗೆ, ಎಷ್ಟು ಮಾಸ್ತರು ಅಂತ ಲೆಕ್ಕ ಹಾಕಲು ಮೊದಲು 'ಸಾವಿರ ಮಂದಿ' ಗೊತ್ತಿರಬೇಕಲ್ಲ?

2021ರಲ್ಲಿ ಆಗಬೇಕಿದ್ದ ಗಣತಿ ಕೊರೊನಾದಿಂದ ನಿಂತಿತು. ಕೊರೊನಾ ಹೋದ ಮೇಲೂ ಸುಮ್ಮನೆ ಮುಂದಕ್ಕೆ ಹೋಗುತ್ತಲೇ ಬಂತು. ಇದಕ್ಕೆ ಬೆಲೆ ತೆತ್ತವರು ಬಡವರು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಎಷ್ಟು ಜನಕ್ಕೆ ಧಾನ್ಯ ಅನ್ನುವುದು ಜನಗಣತಿಯ ಲೆಕ್ಕದ ಮೇಲೆ ನಿಲ್ಲುತ್ತದೆ. ಕರ್ನಾಟಕಕ್ಕೆ ಕೇಂದ್ರದ ಪಾಲು ಸುಮಾರು 4 ಕೋಟಿ 2 ಲಕ್ಷ ಜನಕ್ಕೆ, ಅದೂ 2011ರ ಜನಸಂಖ್ಯೆ ಹಿಡಿದು. ಆಮೇಲೆ ಹುಟ್ಟಿದ ಮಕ್ಕಳು ಈಗ ಹೈಸ್ಕೂಲಿಗೆ ಬಂದಿವೆ. ಹಳೆಯ ಗಣತಿಯಿಂದಾಗಿ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನ ಈ ಕಾಯ್ದೆಯ ಹೊರಗೆ ಉಳಿದಿದ್ದಾರೆ ಅಂತ ಅರ್ಥಶಾಸ್ತ್ರಜ್ಞರಾದ ಜಾನ್ ದ್ರೇಜ್, ರೀತಿಕಾ ಖೇರಾ 2020ರಲ್ಲೇ ಲೆಕ್ಕ ಹಾಕಿದ್ದರು. ಹೊಸ ಹೆಸರು ಸೇರಿಸಲು ಹೋದಾಗ "ಕೋಟಾ ಇಲ್ಲ" ಅನ್ನುವ ಉತ್ತರ ಬಂದರೆ ಅದರ ಬೇರು ಇಲ್ಲಿದೆ.

ಈಗ ಕೊನೆಗೂ ಗಣತಿ ಬಂದಿದೆ. 2025ರ ಜೂನ್ 16ರಂದು ಕೇಂದ್ರ ಅಧಿಸೂಚನೆ ಹೊರಡಿಸಿತು. ಮೊದಲ ಹಂತ ಮನೆಪಟ್ಟಿ. ಎರಡನೇ ಹಂತದಲ್ಲಿ ತಲೆ ಎಣಿಕೆ, ಜಾತಿಯ ಎಣಿಕೆಯೂ ಸೇರಿ. ಅದು 2027ರ ಫೆಬ್ರವರಿಯಲ್ಲಿ. ಮಾರ್ಚ್ 1ರ ಲೆಕ್ಕಕ್ಕೆ ದೇಶದ ಜನಸಂಖ್ಯೆ ಇಷ್ಟು ಅಂತ ಹೇಳುತ್ತಾರೆ.

ಫೆಬ್ರವರಿ! ನಮ್ಮೂರ ಯಾರನ್ನಾದರೂ ಕೇಳಿ ನೋಡಿ, ಆ ತಿಂಗಳಲ್ಲಿ ಓಣಿಯಲ್ಲಿ ಯಾರಿರ್ತಾರೆ ಅಂತ. ಎಡದಂಡೆ ಕಾಲುವೆಯ ನೀರು ಮುಟ್ಟುವ ಊರುಗಳಲ್ಲಿ ಹೇಗೋ ನಡೆಯುತ್ತದೆ. ನೀರಿಲ್ಲದ ಕಡೆ ತೊಗರಿ ರಾಶಿ, ಹತ್ತಿ ಬಿಡಿಸುವುದು ಮುಗಿದರೆ ಕೆಲಸವೂ ಮುಗಿಯಿತು. ತಾಂಡಾ, ದೊಡ್ಡಿ, ಹರಿಜನ ಕೇರಿ ಎಲ್ಲ ಗಂಟುಮೂಟೆ ಕಟ್ಟಿ ಗುಳೆ ಹೋಗುತ್ತವೆ. ಬೆಂಗಳೂರಿನ ಕಟ್ಟಡದ ಕೆಲಸ, ಮುಂಬೈ, ಪುಣೆ. ಊರಲ್ಲಿ ಉಳಿಯುವವರು ಮುದುಕರು, ಬಾಗಿಲಿಗೆ ಜಡಿದ ಬೀಗ, ಒಂದೆರಡು ಆಡು. ಯುಗಾದಿಗೆ ಕೆಲವರು ತಿರುಗಿ ಬರುತ್ತಾರೆ. 2027ರ ಯುಗಾದಿ ಏಪ್ರಿಲ್ 7ಕ್ಕೆ. ಅಷ್ಟರಲ್ಲಿ ಎಣಿಕೆ ಮುಗಿದು ಐದು ವಾರವಾಗಿರುತ್ತದೆ.

ಗಣತಿಗೆ ಬರುವ ಮಾಸ್ತರು ಕೇಳುತ್ತಾರೆ, "ಎಷ್ಟ ಮಂದಿ ಅದೀರಿ ಯಮ್ಮಾ?"

"ನಾ ಒಬ್ಬಾಕಿ ಅದೀನ್ರಿ ಸರ. ಮಗ, ಸೊಸಿ, ಮೂರ್ ಹುಡುಗ್ರು ಬೆಂಗಳೂರಿಗಿ ಹೋಗ್ಯಾರ."

ಮಾಸ್ತರು ಏನು ಬರೆಯಬೇಕು? ಹಿಂದಿನ ಗಣತಿಯ ನಿಯಮ ಇಲ್ಲಿ ಸ್ಪಷ್ಟವಾಗಿತ್ತು. 2011ರಲ್ಲಿ ಎಣಿಕೆ ಫೆಬ್ರವರಿ 9ರಿಂದ 28. ಆ ಇಡೀ ಅವಧಿಯಲ್ಲಿ ಊರಲ್ಲಿ ಇಲ್ಲದವರನ್ನು ಊರಿನ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಅವರಿರುವ ಜಾಗದಲ್ಲಿ ಎಣಿಸಬೇಕು. ಮನೆಯೇ ಇಲ್ಲದವರನ್ನು ಫೆಬ್ರವರಿ 28ರ ರಾತ್ರಿ ಎಣಿಸಬೇಕು. ಕಾಗದದ ಮೇಲೆ ಇದರಲ್ಲಿ ತಪ್ಪಿಲ್ಲ. ಬೆಂಗಳೂರಲ್ಲಿ ಆರು ತಿಂಗಳು ನೀರು ಕುಡಿಯುವವನನ್ನು ಬೆಂಗಳೂರು ಎಣಿಸಲಿ, ಅವನ ಮಕ್ಕಳಿಗೆ ಅಲ್ಲೇ ಅಂಗನವಾಡಿ ಕೊಡಲಿ. ಮಗ ಊರಲ್ಲೇ ಇದ್ದಾನೆ ಅಂತ ಸುಳ್ಳು ಬರೆಸಿ ಅಂತ ನಾನು ಹೇಳುತ್ತಿಲ್ಲ.

ನನ್ನ ಭಯ ಬೇರೆ. ಊರಲ್ಲಿ "ಬೆಂಗಳೂರಲ್ಲಿದ್ದಾರೆ" ಅಂತ ಬಿಡುತ್ತಾರೆ. ಬೆಂಗಳೂರಲ್ಲಿ ಆ ಕುಟುಂಬ ಇರುವುದು ಅರ್ಧ ಕಟ್ಟಿದ ಅಪಾರ್ಟ್‌ಮೆಂಟಿನ ಹಿಂದಿನ ತಗಡಿನ ಶೆಡ್ಡಿನಲ್ಲಿ. ಮನೆಪಟ್ಟಿ ಮಾಡುವಾಗ ಆ ಶೆಡ್ಡು ಇನ್ನೂ ಎದ್ದೇ ಇರಲಿಲ್ಲ. ಗೇಟಿನ ವಾಚ್‌ಮನ್ ಗಣತಿದಾರರನ್ನು ಒಳಗೆ ಬಿಡಬೇಕು. ಗುತ್ತೇದಾರನಿಗೆ ತನ್ನ ಹತ್ತಿರ ಎಷ್ಟು ಕೂಲಿಗಳಿದ್ದಾರೆ ಅಂತ ಸರ್ಕಾರಕ್ಕೆ ಗೊತ್ತಾಗುವುದು ಬೇಕಿಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸದ ಮೇಲೆ. ಕೊನೆಗೆ ಐದು ಜನ ಎರಡೂ ಕಡೆಯ ಲೆಕ್ಕದಿಂದ ಜಾರುತ್ತಾರೆ.

ಜಾರಿದರೆ ಏನು ಹೋಗುತ್ತದೆ ಅಂತೀರಾ? ಗ್ರಾಮ ಪಂಚಾಯ್ತಿಯಲ್ಲಿ ಪ್ರತಿ 400 ಜನಕ್ಕೆ ಒಬ್ಬ ಸದಸ್ಯ. ಆ 400ರ ಲೆಕ್ಕ ಜನಗಣತಿಯದು. ಒಂದು ತಾಂಡಾದಿಂದ ಇನ್ನೂರು, ಪಕ್ಕದ ದೊಡ್ಡಿಯಿಂದ ಇನ್ನೂರು ಜನ ಫೆಬ್ರವರಿಯಲ್ಲಿ ಇಲ್ಲ ಅಂದರೆ ಒಂದು ಸೀಟೇ ಹೋದಂತೆ. ಪರಿಶಿಷ್ಟ ಜಾತಿ, ಪಂಗಡದ ಮೀಸಲು ಸೀಟುಗಳೂ ಅವರ ಜನಸಂಖ್ಯೆಯ ಪಾಲಿನ ಮೇಲೆ. 2011ರಲ್ಲಿ ನಮ್ಮ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ 23, ಪಂಗಡದವರು ಸುಮಾರು ಶೇ 12.5. ಗುಳೆ ಹೋಗುವವರಲ್ಲಿ ಇವರೇ ಹೆಚ್ಚು ಅನ್ನುವುದನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತ ಯಾರೂ ಹೇಳುತ್ತಾರೆ. ಹೊಲ ಇರುವವನು ಊರಲ್ಲಿ ಉಳಿದು ಎಣಿಕೆಗೆ ಸಿಗುತ್ತಾನೆ. ಹೊಲ ಇಲ್ಲದವನು ಸಿಗುವುದಿಲ್ಲ. ಹತ್ತು ವರ್ಷ ಪಂಚಾಯ್ತಿ ಕುರ್ಚಿಯೂ ಅನುದಾನವೂ ಆ ಲೆಕ್ಕದ ಮೇಲೇ ಹಂಚಿಕೆಯಾಗುತ್ತವೆ.

ಗುಳೆಯನ್ನು ಸರ್ಕಾರ ಎಂದೂ ಎಣಿಸಿಲ್ಲ ಅನ್ನುವಂತಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2007-08ರಲ್ಲಿ, ಕೆಲಸಕ್ಕಾಗಿ ಒಂದು ತಿಂಗಳಿಗಿಂತ ಹೆಚ್ಚು, ಆರು ತಿಂಗಳಿಗಿಂತ ಕಡಿಮೆ ಹೊರಗಿದ್ದವರನ್ನೇ ಬೇರೆಯಾಗಿ ಕೇಳಿದ್ದರು. ಆದರೆ ಅದು ದೇಶದಲ್ಲಿ ಕೆಲವು ಊರು, ಊರಲ್ಲಿ ಕೆಲವು ಮನೆ ಆರಿಸಿ ಮಾಡುವ ಸಮೀಕ್ಷೆ. ಅದರಿಂದ ದೇಶದ, ರಾಜ್ಯದ ಚಿತ್ರ ಸಿಗುತ್ತದೆ, ಸುರಪುರದ್ದು ಸಿಗುವುದಿಲ್ಲ. 2025ರ ಜನವರಿಯಿಂದ ಉದ್ಯೋಗದ ಸಮೀಕ್ಷೆಯಲ್ಲಿ ಮನೆಗಳನ್ನು ಆರಿಸುವಾಗ ಜಿಲ್ಲೆಯನ್ನೇ ಮೂಲ ಘಟಕವಾಗಿ ಹಿಡಿಯುತ್ತಿದ್ದಾರೆ. ಇದು ಒಳ್ಳೆಯ ಹೆಜ್ಜೆ. ನಂಜುಂಡಪ್ಪನವರು ಇಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ ತಾಲೂಕಿಗೇ ಇಳಿದಿದ್ದರು ಅನ್ನುವುದನ್ನೂ ನೆನಪಿಡಬೇಕು.

ಇನ್ನೊಂದು ಮಾತು, ಅಂಕಿ ತೆಗೆದು ಪೆಟ್ಟಿಗೆಯಲ್ಲಿ ಇಟ್ಟರೆ ಅದು ಯಾರ ಸೇವೆ? 2017-18ರ ನಿರುದ್ಯೋಗದ ವರದಿಯನ್ನು ತಡೆಹಿಡಿದರು ಅಂತ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಪಿ.ಸಿ. ಮೋಹನನ್ 2019ರ ಜನವರಿಯಲ್ಲಿ ಹುದ್ದೆ ಬಿಟ್ಟರು. ಶೇ 6.1 ನಿರುದ್ಯೋಗ ಅನ್ನುವ ಆ ವರದಿ ಹೊರಬಂದದ್ದು ಲೋಕಸಭಾ ಚುನಾವಣೆ ಮುಗಿದ ಮೇಲೆ. ಅದೇ ವರ್ಷದ ಮನೆಖರ್ಚಿನ ಸಮೀಕ್ಷೆಯನ್ನಂತೂ ಗುಣಮಟ್ಟ ಸರಿಯಿಲ್ಲ ಅಂತ ಸರ್ಕಾರ ಕೈಬಿಟ್ಟಿತು. ಲಕ್ಷಗಟ್ಟಲೆ ಮನೆಗಳವರು ಕೂತು ಎಣ್ಣೆ, ಬೇಳೆ, ದವಾಖಾನೆ ಅಂತ ಗಂಟೆಗಟ್ಟಲೆ ಉತ್ತರ ಕೊಟ್ಟದ್ದು ವ್ಯರ್ಥವಾಯಿತು. ಜನರಿಂದ ಪಡೆದದ್ದನ್ನು ಜನರಿಗೆ ತೋರಿಸುವುದಿಲ್ಲ ಅಂದರೆ ಮುಂದಿನ ಸಲ ಬಾಗಿಲು ತೆರೆಯುವವರು ಯಾರು?

ಬಾಗಿಲು ತೆರೆಯಲು ನಮ್ಮಲ್ಲಿ ಈಗಲೇ ಹೆದರಿಕೆ ಇದೆ. "ಟಿವಿ ಅದ, ಗಾಡಿ ಅದ ಅಂತ ಬರಸಿದ್ರ ಕಾರ್ಡ್ ರದ್ದಾಗ್ತದೇನ್ರಿ?" ಇದನ್ನು ತಿಳಿದುಕೊಳ್ಳಿ, ಮನೆಯಲ್ಲಿ ಹಿರಿಯರಿಗೂ ಹೇಳಿ. ಜನಗಣತಿ ನಡೆಯುವುದು 1948ರ ಕಾಯ್ದೆಯ ಕೆಳಗೆ. ಅದರ 15ನೇ ಕಲಮಿನ ಪ್ರಕಾರ ನೀವು ಬರೆಸಿದ್ದನ್ನು ಬೇರೆಯವರು ತೆರೆದು ನೋಡುವ ಹಕ್ಕಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿ ಹಿಡಿಯುವ ಹಾಗೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಶುರುವಾದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ, 60 ಪ್ರಶ್ನೆಯದು, ಬೇರೆ. ಜನಗಣತಿ ಬೇರೆ. ಎರಡನ್ನೂ ಒಂದೇ ಅಂದುಕೊಂಡು "ಆಗಲೇ ಬರಸೇವಿ, ಹೋಗ್ರಿ" ಅನ್ನಬೇಡಿ.

ಹಾಗಾದರೆ ಗುಳೆ ಹೋದವರನ್ನು ಹಿಡಿಯುವುದು ಹೇಗೆ? ಇದಕ್ಕೆ ದೊಡ್ಡ ತಂತ್ರಜ್ಞಾನ ಬೇಡ. ಯಾರು ಯಾವ ಊರಿಗೆ, ಯಾವ ಗುತ್ತೇದಾರನ ಕೈಕೆಳಗೆ ಹೋದರು ಅನ್ನುವುದು ಓಣಿಯಲ್ಲಿ ಎಲ್ಲರಿಗೂ ಗೊತ್ತು. ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಟೀಚರಿಗೆ ಇನ್ನೂ ಚೆನ್ನಾಗಿ ಗೊತ್ತು. ಪಂಚಾಯ್ತಿ ಒಂದು ಗುಳೆ ಪಟ್ಟಿ ಮಾಡಲಿ: ಮನೆಯ ಯಜಮಾನನ ಹೆಸರು, ಎಷ್ಟು ಜನ, ಯಾವ ಊರು, ಯಾವ ಏರಿಯಾ, ಫೋನ್ ನಂಬರು. ಗಣತಿಯ ಹೊಣೆ ಹೊತ್ತ ತಹಶೀಲ್ದಾರರು ಅದನ್ನು ಬೆಂಗಳೂರಿನ ಅಧಿಕಾರಿಗಳಿಗೆ ಕಳಿಸಲಿ. ಇಂಥ ಏರಿಯಾದ ಇಂಥ ಶೆಡ್ಡುಗಳಲ್ಲಿ ಶಹಾಪುರದವರು ಇಷ್ಟು ಮಂದಿ ಇರಬೇಕು, ನಿಮ್ಮ ಲೆಕ್ಕದಲ್ಲಿ ಎಷ್ಟಿದೆ ಅಂತ ಕೇಳಲಿ. ಈ ಸಲ ಮೊಬೈಲಿನಲ್ಲಿ ತಾವೇ ವಿವರ ತುಂಬುವ ಅವಕಾಶವೂ ಇದೆ. ತುಂಬಿದ ಮೇಲೆ ಒಂದು ನಂಬರು ಬರುತ್ತದೆ, ಅದನ್ನು ಗಣತಿದಾರರಿಗೆ ತೋರಿಸಬೇಕು. ಶೆಡ್ಡಿನಲ್ಲಿ ಓದಲು ಬರುವ ಒಬ್ಬ ಹುಡುಗ ಇದ್ದರೆ ಹತ್ತು ಮನೆಯದ್ದು ಆಗುತ್ತದೆ.

ಕೆಲವು ಅಧಿಕಾರಿಗಳು ಗುಳೆ ಪಟ್ಟಿ ಅಂದರೆ ಮುಖ ಗಂಟು ಹಾಕುತ್ತಾರೆ. ಗುಳೆ ಹೋದವರ ಪಟ್ಟಿ ಮಾಡಿದರೆ ಊರಲ್ಲಿ ಕೆಲಸ ಕೊಟ್ಟಿಲ್ಲ ಅಂತ ತಾವೇ ಬರೆದುಕೊಟ್ಟ ಹಾಗೆ. ಇರಲಿ, ಅದೂ ಒಂದು ಅಂಕಿಯೇ.

2027ರ ಜನವರಿ ಗ್ರಾಮಸಭೆಯಲ್ಲಿ ಕೇಳಿದರೆ ತಡವಾಯಿತು, ಅಷ್ಟೊತ್ತಿಗೆ ಓಣಿ ಅರ್ಧ ಖಾಲಿ. ಸಂಕ್ರಾಂತಿಗೆ ಮೈಲಾಪುರ ಮೈಲಾರಲಿಂಗನ ಜಾತ್ರೆ ಆಗುವುದರೊಳಗೆ ಪಟ್ಟಿ ತಹಶೀಲ್ದಾರರ ಕೈಗೆ ಮುಟ್ಟಿರಬೇಕು. ದೀಪಾವಳಿಗೆ ಎಲ್ಲರೂ ಊರಲ್ಲಿರುತ್ತಾರೆ, ಬರೆಯಲು ಅದೇ ಹೊತ್ತು. ನಿಮ್ಮ ಪಂಚಾಯ್ತಿಯ ಪಿಡಿಒ ಏನಂದರು ಅಂತ ನಮಗೂ ಬರೆದು ತಿಳಿಸಿ.